ಅರ್ಧ ಔನ್ಸ್ ಬಂಗಾರ

ಕ್ರಿ.ಪೂ. 216ರಲ್ಲಿ ಕ್ಯಾನಿಯ ಬಯಲಿನಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ರೋಮನ್ ಸೈನ್ಯವನ್ನು ನುಚ್ಚುನೂರು ಮಾಡಿದ. ಮರುವರ್ಷ, ಯುದ್ಧದ ಬಿಕ್ಕಟ್ಟಿನ ನಡುವೆ, ರೋಮಿನಲ್ಲಿ ಟ್ರಿಬ್ಯೂನ್ (ಜನಪ್ರತಿನಿಧಿ) ಒಪ್ಪಿಯಸ್‌ನ ಹೆಸರಿನ ಕಾನೂನು ಬಂತು: ಯಾವ ಹೆಂಗಸೂ ಅರ್ಧ ಔನ್ಸಿಗಿಂತ ಹೆಚ್ಚು ಬಂಗಾರ ಇಟ್ಟುಕೊಳ್ಳಕೂಡದು, ಬಣ್ಣಬಣ್ಣದ ಉಡುಪು ತೊಡಕೂಡದು, ದೇವರ ಕೆಲಸಕ್ಕಲ್ಲದೆ ಊರೊಳಗೆ ಗಾಡಿ ಹತ್ತಕೂಡದು. ಅಕ್ಕಸಾಲಿಗರ ಮನೆಯ ಮಗಳಾದ ನನಗೆ ಇತಿಹಾಸದಲ್ಲೂ ಮೊದಲು ಕಣ್ಣಿಗೆ ಬೀಳುವುದು ತೂಕವೇ. ರೋಮನ್ನರ ಔನ್ಸು ಸುಮಾರು 27 ಗ್ರಾಂ. ಅದರರ್ಧ ಎಂದರೆ ನಮ್ಮ ಒಂದು ತೊಲಕ್ಕೆ ಎರಡು ಗ್ರಾಂ ಸೇರಿಸಿದಷ್ಟು. ಒಂದು ಜೊತೆ ಓಲೆ, ಒಂದು ಉಂಗುರ, ಅಲ್ಲಿಗೆ ಲೆಕ್ಕ ಚುಕ್ತಾ.

ಯುದ್ಧ ಮುಗಿದು, ರೋಮ್ ಗೆದ್ದು, ದುಡ್ಡು ಹರಿದುಬಂದರೂ ಕಾನೂನು ಹಾಗೇ ಉಳಿಯಿತು. ಕ್ರಿ.ಪೂ. 195ರಲ್ಲಿ ಅದನ್ನು ತೆಗೆಯುವ ಮಾತೆದ್ದಾಗ ಹೆಂಗಸರು ಮನೆಯಲ್ಲಿ ಕೂರಲಿಲ್ಲ. ಊರಿನ ಸಭಾಚೌಕವಾದ ಫೋರಮ್ಮಿಗೆ ಹೋಗುವ ಬೀದಿಗಳಲ್ಲಿ ನಿಂತು ಹೋಗಿಬರುವ ಗಂಡಸರನ್ನು ಅಡ್ಡಗಟ್ಟಿ, ಕಾನೂನು ತೆಗೆಯಿರಿ ಎಂದು ಕೇಳಿದರು. ಸುತ್ತಲ ಊರುಗಳಿಂದಲೂ ಬಂದು ಸೇರಿಕೊಂಡರು. ಆ ವರ್ಷದ ಕಾನ್ಸಲ್ ಕೇಟೋ ಕೆಂಡವಾದ. ಇವತ್ತು ಒಡವೆ ಬಿಟ್ಟುಕೊಟ್ಟರೆ ನಾಳೆ ತಲೆಯ ಮೇಲೇ ಕೂರುತ್ತಾರೆ ಎಂಬುದು ಅವನ ವಾದ. ಟ್ರಿಬ್ಯೂನ್ ವಲೇರಿಯಸ್‌ನ ಉತ್ತರವನ್ನು ಇತಿಹಾಸಕಾರ ಲಿವಿ ಬರೆದಿಟ್ಟಿದ್ದಾನೆ. ಗಂಡಸರಿಗಾದರೆ ಅಧಿಕಾರ, ಪೌರೋಹಿತ್ಯ, ವಿಜಯೋತ್ಸವ ಎಲ್ಲ ಉಂಟು. ಹೆಂಗಸರಿಗೆ ಗೌರವದ ಗುರುತೆಂದರೆ ಇದೊಂದೇ. ನಿಮ್ಮ ಕುದುರೆಗೆ ಹೊದಿಸುವ ಬಟ್ಟೆ ನಿಮ್ಮ ಹೆಂಡತಿಯದಕ್ಕಿಂತ ಚೆಂದವಿರಬೇಕೆ ಎಂದೂ ಕುಟುಕಿದ. ಕೊನೆಗೆ, ರದ್ದತಿಗೆ ಅಡ್ಡಬಂದಿದ್ದ ಇಬ್ಬರು ಟ್ರಿಬ್ಯೂನರ ಮನೆಬಾಗಿಲಿಗೇ ಹೆಂಗಸರು ಹೋಗಿ ಕುಳಿತರು. ಕಾನೂನು ಬಿದ್ದುಹೋಯಿತು.

ಗಂಡಸರೇನು ಬರಿಮೈಯಲ್ಲಿ ತಿರುಗುತ್ತಿರಲಿಲ್ಲವಲ್ಲ! ಸೆನೆಟರನ ಅಂಗಿಗೆ ಅಗಲವಾದ ನೇರಳೆ ಪಟ್ಟೆ, ಅವನಿಗಿಂತ ಒಂದು ಮೆಟ್ಟಿಲು ಕೆಳಗಿನ ಈಕ್ವೆಸ್ಟ್ರಿಯನ್ನನಿಗೆ ಸಣ್ಣ ಪಟ್ಟೆ, ಬೆರಳಿನಲ್ಲಿ ಚಿನ್ನದ ಉಂಗುರ. ಮಗನ ಕೊರಳಲ್ಲಿ ತಾಯಿತದಂಥ ಬುಲ್ಲಾ. ಮೇಲೆ ಟೋಗಾ: ಮೈಗೆ ಸುತ್ತಿ ಎಡತೋಳಿನ ಮೇಲೆ ಇಳಿಬಿಡಬೇಕಾದ ಐದಾರು ಮೀಟರು ಉಣ್ಣೆ, ಜಾರದಂತೆ ಆ ತೋಳನ್ನು ಮಡಿಸಿಯೇ ಇಟ್ಟುಕೊಳ್ಳಬೇಕು. ಜನ ಬೇಸತ್ತು ಅದನ್ನು ಬಿಡತೊಡಗಿದಾಗ, ಟೋಗಾ ಇಲ್ಲದವರನ್ನು ಫೋರಮ್ಮಿನಲ್ಲಿ ನಿಲ್ಲಗೊಡಬೇಡಿ ಎಂದು ಚಕ್ರವರ್ತಿ ಅಗಸ್ಟಸ್ ಅಪ್ಪಣೆ ಮಾಡಬೇಕಾಯಿತು. ಕ್ರಿ.ಶ. 16ರಲ್ಲಿ ಸೆನೆಟ್ಟು ರೇಷ್ಮೆ ಉಡಬಾರದೆಂದು ತಡೆದದ್ದೂ ಗಂಡಸರನ್ನೇ.

ಆದರೂ ಬೈಗುಳವೆಲ್ಲ ಹೆಂಗಸರ ಪಾಲಿಗೆ. ರೋಮನ್ ಒಡವೆಗಳ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ಗಂಡಸರ ಗೊಣಗಾಟ. ಒಂದೊಂದು ಕಿವಿಯಲ್ಲೂ ಎರಡು ಮೂರು ಜಮೀನು ತೂಗಾಡುತ್ತಿವೆ ಎನ್ನುತ್ತಾನೆ ತತ್ವಜ್ಞಾನಿ ಸೆನೆಕ. ಎರಡು ಮೂರು ಮುತ್ತು ಒಂದಕ್ಕೊಂದು ತಾಗಿ ಕಟಕಟ ಅನ್ನುವ ಓಲೆ ಬೇಕು ಇವರಿಗೆ ಎಂದು ವಿಶ್ವಕೋಶಕಾರ ಪ್ಲಿನಿಗೆ ಸಿಟ್ಟು. ಅಂಥ ಓಲೆಗಳನ್ನು ರೋಮನ್ ಕಾಲದ ಈಜಿಪ್ಟಿನ ಫಯ್ಯೂಮ್‌ನ ಮಮ್ಮಿಗಳ ಮೇಲಿಟ್ಟ ಭಾವಚಿತ್ರಗಳಲ್ಲಿ ನೋಡಬಹುದು: ಅಡ್ಡಕ್ಕೆ ಒಂದು ಚಿನ್ನದ ಕಡ್ಡಿ, ಅದರಿಂದ ಇಳಿಬಿದ್ದ ತಂತಿಗಳು, ತಂತಿಯ ತುದಿಗೆ ಮುತ್ತು. ಸದ್ದು ಮಾಡಲೆಂದೇ ತಂತಿಯನ್ನು ಸಡಿಲ ಬಿಡುವುದು ಕೈಚಳಕದ ಕೆಲಸ. ಅದನ್ನು ಪ್ಲಿನಿ ಹೊಗಳಬಹುದಿತ್ತು.

ಚಕ್ರವರ್ತಿ ಕಲಿಗ್ಯುಲನ ಹೆಂಡತಿಯಾಗಿದ್ದ ಲೋಲಿಯಾ ಪೌಲಿನಾಳನ್ನು ಒಂದು ಸಾಧಾರಣ ನಿಶ್ಚಿತಾರ್ಥದಲ್ಲಿ ಪ್ಲಿನಿ ಕಣ್ಣಾರೆ ಕಂಡಿದ್ದ. ತಲೆ, ಕಿವಿ, ಕೊರಳು, ಬೆರಳು ಎಲ್ಲೆಡೆ ಒಂದು ಮುತ್ತು ಒಂದು ಪಚ್ಚೆಯಂತೆ ಪೋಣಿಸಿದ್ದ ಒಡವೆಯ ಬೆಲೆ 4 ಕೋಟಿ ಸೆಸ್ಟರ್ಸ್. ಸೈನಿಕನೊಬ್ಬನ ವರ್ಷದ ಸಂಬಳ ಆಗ 900. ಯಾರಾದರೂ ಅನುಮಾನಿಸಿದರೆ ರಸೀದಿ ತೋರಿಸಲೂ ಆಕೆ ತಯಾರು! ನನಗಂತೂ ಈ ರಸೀದಿಯ ಕಾರಣಕ್ಕೇ ಅವಳು ಇಷ್ಟ. ಆ ಆಸ್ತಿಯನ್ನು ಪ್ರಾಂತ್ಯಗಳಲ್ಲಿ ಸುಲಿದು ಗುಡ್ಡೆಹಾಕಿದವನು ಅವಳಜ್ಜ ಎಂಬುದನ್ನು ಪ್ಲಿನಿಯೇ ಹೇಳುತ್ತಾನೆ.

ಗೊಣಗಾಟದ ಆಚೆ ಮಣ್ಣಿನಲ್ಲಿ ಸಿಕ್ಕ ಚಿನ್ನ ಬೇರೆಯದೇ ಕತೆ ಹೇಳುತ್ತದೆ. ಪಾಂಪೇಯಿಯ ಹೊರಗಿನ ಮೊರೆಜಿನೆಯಲ್ಲಿ 2000ದಲ್ಲಿ, ರೋಮನ್ನರ ಕಾಲದ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಕ್ಕೆ ಸಿಕ್ಕಿ ಸತ್ತ ಹೆಂಗಸೊಬ್ಬಳ ಬಳಿ ಹಾವಿನಾಕಾರದ ತೋಳುಬಳೆ ಸಿಕ್ಕಿತು. ತೂಕ ಸುಮಾರು ಅರ್ಧ ಕಿಲೋ. ಒಳಮೈಯಲ್ಲಿ, ಒಡೆಯ ತನ್ನ ದಾಸಿಗೆ ಕೊಟ್ಟದ್ದು ಎಂದು ಕೆತ್ತಿದೆ. ಪ್ರೇಮದ ಕಾಣಿಕೆ ಎಂದು ಕೆಲವರು ಕರಗುತ್ತಾರೆ. ನನ್ನ ಮನಸ್ಸು ಒಪ್ಪುವುದಿಲ್ಲ. ಕೊಟ್ಟವನ ಹೆಸರೂ ಇಲ್ಲದ, ತೊಟ್ಟವಳ ಹೆಸರೂ ಇಲ್ಲದ ಬಳೆ ಅದು. ಯಾರು ಯಾರ ಸ್ವತ್ತು ಎಂಬುದನ್ನಷ್ಟೇ ಮರೆಯದೆ ಬರೆಸಿದ್ದಾನೆ.

ಭಾರತ, ಚೀನಾ, ಅರೇಬಿಯಾಗಳು ವರ್ಷಕ್ಕೆ 10 ಕೋಟಿ ಸೆಸ್ಟರ್ಸ್ ಎಳೆದುಕೊಳ್ಳುತ್ತಿವೆ, ನಮ್ಮ ಶೋಕಿಗೂ ಹೆಂಗಸರಿಗೂ ಇಷ್ಟು ಬೀಳುತ್ತಿದೆ ಎಂಬುದು ಪ್ಲಿನಿಯ ಲೆಕ್ಕ. ಹೋದದ್ದು ಮುತ್ತು, ಮಣಿ, ತೆಳುಬಟ್ಟೆಗಷ್ಟೇ ಅಲ್ಲ, ಮಲಬಾರಿನ ಮೆಣಸಿಗೂ ಹೋಯಿತು. ಅದನ್ನು ಮನೆಮಂದಿಯೆಲ್ಲ ತಿಂದರು. ರೋಮನ್ ಸುಂಕದ ಪಟ್ಟಿಯೊಂದರಲ್ಲಿ ಬೆರಿಲ್ ರತ್ನ, ದಂತದ ಜೊತೆ ಭಾರತದ ತಲೆಗೂದಲೂ ಇದೆ. ಚೌರಿ ವ್ಯಾಪಾರ ಅಷ್ಟು ಹಳೆಯದು. ಹೆಂಗಸರ ರತ್ನಗಳಿಗಾಗಿ ನಮ್ಮ ಹಣ ಪರದೇಶಗಳಿಗೆ, ಶತ್ರುಗಳಿಗೂ ಸೇರುತ್ತಿದೆ ಎಂದು ಕ್ರಿ.ಶ. 22ರಲ್ಲಿ ಚಕ್ರವರ್ತಿ ಟೈಬೀರಿಯಸ್ ಸೆನೆಟ್ಟಿಗೆ ಕಾಗದ ಬರೆದ. ಅವನ ಮುಖವೇ ಇರುವ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದೆ.