ರನ್‌ವೇ ಎಟಿಸಿ ಹೇಳಿದ್ದೋ, ಪೈಲಟ್ ಕೇಳಿದ್ದೋ?

ಬೀದರಿನ ಎರಡು ರನ್‌ವೇ

ಬೀದರ್ ವಿಮಾನ ನಿಲ್ದಾಣ ಮೂಲತಃ ವಾಯುಪಡೆಯ ತರಬೇತಿ ನೆಲೆ. 2008ರಿಂದ ಹಾಕ್ ಜೆಟ್‌ಗಳಲ್ಲಿ ಯುವ ಪೈಲಟ್‌ಗಳು ಇಲ್ಲಿ ಪಳಗುತ್ತಿದ್ದಾರೆ. ನಾಗರಿಕ ಟರ್ಮಿನಲ್ ತೆರೆದದ್ದು 2020ರ ಫೆಬ್ರವರಿ 7ರಂದು, ಉಡಾನ್ ಯೋಜನೆಯಡಿ ಟ್ರೂಜೆಟ್ ಬೆಂಗಳೂರಿಗೆ ಹಾರಾಟ ಶುರು ಮಾಡಿದಾಗ. ಹೀಗಾಗಿ ಭಾಲ್ಕಿ, ಔರಾದದಿಂದ ಬಂದು ಬೆಂಗಳೂರು ವಿಮಾನ ಹತ್ತುವವರ ಪೈಲಟ್‌ಗೂ ಇಳಿ, ಏರು ಎಂದು ಅನುಮತಿ ಕೊಡುವುದು ವಾಯುಪಡೆಯ ವಿಮಾನ ಸಂಚಾರ ನಿಯಂತ್ರಣ ವಿಭಾಗ, ಅಂದರೆ ಎಟಿಸಿಯೇ.

ಇಲ್ಲಿರುವುದು ಎರಡು ರನ್‌ವೇ. ಒಂದು 08/26, ಇನ್ನೊಂದು 02/20. ಈ ಅಂಕಿಗಳ ಕೊನೆಗೆ ಸೊನ್ನೆ ಸೇರಿಸಿದರೆ ದಿಕ್ಸೂಚಿಯ ಡಿಗ್ರಿ ಸುಮಾರಾಗಿ ಸಿಗುತ್ತದೆ. 26 ಎಂದರೆ 260 ಡಿಗ್ರಿ, ಹೆಚ್ಚುಕಡಿಮೆ ಪಶ್ಚಿಮಕ್ಕೆ ಮುಖ. ಎರಡೂ ತುದಿಗಳಿಂದ ಇಳಿಯಬಹುದಾದ್ದರಿಂದ ಎಟಿಸಿಯ ಮುಂದೆ ನಾಲ್ಕು ಆಯ್ಕೆ.

ಗಾಳಿಯ ಲೆಕ್ಕ

ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಬೆನ್ನಿಗೆ ಗಾಳಿ ಬಿದ್ದರೆ ನೆಲದ ಮೇಲಿನ ವೇಗ ಹೆಚ್ಚಿ, ನಿಲ್ಲಲು ಹೆಚ್ಚು ಉದ್ದ ಬೇಕಾಗುತ್ತದೆ. ಅಡ್ಡಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ.

ಭಾಲ್ಕಿ ಕಡೆಯಿಂದ, ಅಂದರೆ ಸುಮಾರು 290 ಡಿಗ್ರಿಯಿಂದ, 20 ನಾಟ್ ಗಾಳಿ ಬೀಸುತ್ತಿದೆ ಎನ್ನೋಣ. ಅಂದರೆ ಗಂಟೆಗೆ 37 ಕಿ.ಮೀ. ರನ್‌ವೇ 26ರಲ್ಲಿ ಇಳಿದರೆ ಅಡ್ಡಗಾಳಿ 10 ನಾಟ್ ಮಾತ್ರ. 20ರಲ್ಲಿ ಇಳಿದರೆ ಇಡೀ 20 ನಾಟ್ ಪಕ್ಕೆಗೆ ಹೊಡೆಯುತ್ತದೆ. ಅದೇ ಗಾಳಿ ಔರಾದ ಕಡೆಗೆ ತಿರುಗಿ 340 ಡಿಗ್ರಿಯಿಂದ ಬೀಸಿದರೆ ಲೆಕ್ಕ ತಲೆಕೆಳಗು: 26ರಲ್ಲಿ ಹೆಚ್ಚುಕಡಿಮೆ ಪೂರ್ತಿ ಅಡ್ಡಗಾಳಿ, 02ರಲ್ಲಿ 13 ನಾಟ್. ಮಳೆಗಾಲದ ಮೋಡವೊಂದು ಹಾದುಹೋಗುವಷ್ಟರಲ್ಲಿ ಗಾಳಿ ಹೀಗೆ ತಿರುಗಬಹುದು. ಎಟಿಸಿಗೂ ಪೈಲಟ್‌ಗೂ ಭಿನ್ನಾಭಿಪ್ರಾಯ ಬರುವುದಕ್ಕೆ ಮೂಲ ಅಲ್ಲೇ.

ಯಾರ ಮಾತು ಕೊನೆಯದು?

ಯಾವ ರನ್‌ವೇ ಬಳಕೆಯಲ್ಲಿರಬೇಕೆಂದು ಗೊತ್ತುಮಾಡುವುದು ಎಟಿಸಿ. ಗಾಳಿಯೊಂದೇ ಅಲ್ಲ, ಸರದಿಯಲ್ಲಿರುವ ವಿಮಾನಗಳು, ದುರಸ್ತಿ, ಇಳಿಯಲು ನೆರವಾಗುವ ಉಪಕರಣ, ಎಲ್ಲವನ್ನೂ ಕಂಟ್ರೋಲರ್ ನೋಡಬೇಕು. ಆದರೆ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮ ಸ್ಪಷ್ಟವಾಗಿದೆ: ಕೊಟ್ಟ ರನ್‌ವೇ ತನ್ನ ವಿಮಾನಕ್ಕೆ ಸರಿಹೊಂದದು ಎನಿಸಿದರೆ ಕ್ಯಾಪ್ಟನ್ ಬೇರೆಯದನ್ನು ಕೇಳಬಹುದು, ಪರಿಸ್ಥಿತಿ ಅನುಕೂಲವಾಗಿದ್ದರೆ ಎಟಿಸಿ ಕೊಡಬೇಕು. ಅನುಕೂಲವಿಲ್ಲದಿದ್ದರೆ ಆಕಾಶದಲ್ಲೇ ಸುತ್ತು ಹಾಕಿ ಕಾಯಬೇಕು ಅಥವಾ ಬೇರೆ ಊರಿಗೆ ಹೋಗಬೇಕು. ರೇಡಿಯೋದಲ್ಲಿ ಇದಕ್ಕೆ ಉದ್ದ ವಾದವಿಲ್ಲ. ‘ಅನೇಬಲ್’ (ಆಗದು) ಎಂದರೆ ಸಾಕು, ಕಾರಣವನ್ನು ಚಿಕ್ಕದಾಗಿ ಹೇಳಿದರಾಯಿತು.

ಕಾಯುವಷ್ಟು ವ್ಯವಧಾನವಿಲ್ಲದಾಗ ಉಳಿಯುವುದು ತುರ್ತು ಸ್ಥಿತಿಯ ಘೋಷಣೆ. 2010ರ ಮೇ 4ರಂದು ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಹೀಗೇ ಆಯಿತು. ಅಲ್ಲಿನ ಪ್ರಮುಖ ರನ್‌ವೇಯೊಂದು ದುರಸ್ತಿಗೆ ಮುಚ್ಚಿತ್ತು. ಅಮೆರಿಕನ್ ಏರ್‌ಲೈನ್ಸ್ ವಿಮಾನಕ್ಕೆ 22ರ ಎಡ ರನ್‌ವೇ ಸಿಕ್ಕಿತು. ಅಡ್ಡಗಾಳಿ ವಿಪರೀತವಿದೆ ಎಂದು ಕ್ಯಾಪ್ಟನ್ 31ರ ಬಲ ರನ್‌ವೇ ಕೇಳಿದರು, ಬೇಗ ಸಿಗದಾದಾಗ ತುರ್ತು ಸ್ಥಿತಿ ಘೋಷಿಸಿ ಅಲ್ಲೇ ಸುರಕ್ಷಿತವಾಗಿ ಇಳಿಸಿದರು. ಕ್ಯಾಪ್ಟನ್ ಒರಟಾಗಿ ನಡೆದುಕೊಂಡರೆಂದು ಆಮೇಲೆ ಟೀಕೆ ಬಂತು. ಒರಟುತನವಿರಬಹುದು, ಅಧಿಕಾರ ಮಾತ್ರ ಅವರದೇ.

ಒಪ್ಪಿದ್ದೇ ಕುತ್ತಾದಾಗ

ನನ್ನ ಮಟ್ಟಿಗೆ ಜಗಳಕ್ಕಿಂತ ಹೆಚ್ಚು ಹೆದರಬೇಕಾದದ್ದು ಸಲೀಸಾದ ಒಪ್ಪಿಗೆಗೆ. 2020ರ ಆಗಸ್ಟ್ 7ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಕೋಯಿಕ್ಕೋಡಿನಲ್ಲಿ ಮೊದಲು ರನ್‌ವೇ 28ಕ್ಕೆ ಇಳಿಯಲು ಹೋಗಿ ಮಳೆಯಲ್ಲಿ ಮೇಲೆದ್ದಿತು. ಅಷ್ಟರಲ್ಲಿ ಹೊರಡುತ್ತಿದ್ದ ಇನ್ನೊಂದು ವಿಮಾನ ರನ್‌ವೇ 10 ಕೇಳಿತ್ತು. ನಿಮಗೂ 10 ಆಗಬಹುದೇ ಎಂದು ಎಟಿಸಿ ಕೇಳಿತು, ಕ್ಯಾಪ್ಟನ್ ಒಪ್ಪಿದರು. ಆ ದಿಕ್ಕಿನಲ್ಲಿ ಗಾಳಿ ಬೆನ್ನಿಗಿತ್ತು, ರನ್‌ವೇ ಒದ್ದೆಯಾಗಿತ್ತು, ಚಕ್ರಗಳು ನೆಲ ಮುಟ್ಟುವಷ್ಟರಲ್ಲಿ ಸರಿಸುಮಾರು ಅರ್ಧ ರನ್‌ವೇ ಮುಗಿದಿತ್ತು. ವಿಮಾನ ತುದಿ ದಾಟಿ ಇಳಿಜಾರಿಗೆ ಬಿತ್ತು. ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ಸತ್ತರು. ಇಳಿಯುವಿಕೆ ಹದ ತಪ್ಪಿದ್ದರೂ ಮತ್ತೆ ಮೇಲೇರದೆ ಮುಂದುವರಿದದ್ದೇ ಕಾರಣ ಎಂದು ತನಿಖಾ ವರದಿ ಹೇಳಿತು.

ಪ್ರಯಾಣಿಕರು ತಿಳಿಯಬೇಕಾದದ್ದು

ಇಳಿಯುವ ಹೊತ್ತಿಗೆ ವಿಮಾನ ಮತ್ತೆ ಮೇಲೇರಿದರೆ, ಬೀದರ್ ಕೋಟೆ ಕಾಣುತ್ತಿದ್ದರೂ ಸುತ್ತು ಹಾಕಿದರೆ, ಕೊನೆಗೆ ಹೈದರಾಬಾದಿಗೇ ತಿರುಗಿದರೂ ಪೈಲಟ್‌ಗೆ ಬೈಯಬೇಡಿ. ಹೈದರಾಬಾದಿನಿಂದ ಔರಾದಕ್ಕೆ ರಸ್ತೆಯಿದೆ.