ಬಲ ಮತ್ತು ಚಲನೆ: ಒಂದು ವಿಚಾರದ ಚರಿತ್ರೆ

ಉರುಳಿಬಿಟ್ಟ ಗೋಲಿ ಸ್ವಲ್ಪ ದೂರ ಹೋಗಿ ನಿಲ್ಲುವುದೇಕೆಂದು ಕೇಳಿದರೆ, ‘ನಾವು ಕೊಟ್ಟ ಬಲ ತೀರಿಹೋಯಿತು’ ಎನ್ನುವ ವಿದ್ಯಾರ್ಥಿಗಳು ಎಲ್ಲ ಶಾಲೆಗಳಲ್ಲಿಯೂ ಉಂಟು. ಈ ಉತ್ತರವನ್ನು ತಪ್ಪೆಂದು ತಳ್ಳಿಬಿಡುವುದು ಸುಲಭ. ಆದರೆ ಹಿಂದಿನ ಮಹಾಪಂಡಿತರ ಉತ್ತರವೂ ಹೆಚ್ಚುಕಡಿಮೆ ಇದೇ ಆಗಿದ್ದಿತೆಂಬುದನ್ನು ಉಪಾಧ್ಯಾಯರಾದ ನಾವು ನೆನೆಯತಕ್ಕದ್ದು.

ಕ್ರಿ. ಪೂ. 4ನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಮತದಂತೆ, ಬಲವಂತದಿಂದ ಚಲಿಸುವ ವಸ್ತುವಿಗೆ ಚಾಲಕವೊಂದು ಸದಾ ತಗುಲಿಕೊಂಡಿರಬೇಕು. ಎತ್ತು ನಿಂತರೆ ಬಂಡಿಯೂ ನಿಲ್ಲುವುದನ್ನು ಕಂಡವರಿಗೆ ಇದು ಸಹಜವಾಗಿಯೇ ತೋರುತ್ತದೆ. ಹಾಗಾದರೆ ಕೈಬಿಟ್ಟ ಕಲ್ಲು ಮುಂದೆ ಹೋಗುವುದು ಹೇಗೆ? ಗಾಳಿಯೇ ಅದನ್ನು ಒಯ್ಯುತ್ತದೆಂದು ಅವನು ಸಮಾಧಾನ ಹೇಳಿದನು. ಕ್ರಿ. ಶ. 6ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಫಿಲೊಪೊನಸನು ಇದನ್ನು ಒಪ್ಪದೆ, ಎಸೆಯುವವನಿಂದಲೇ ಕಲ್ಲಿಗೆ ಒಂದು ಶಕ್ತಿ ಸೇರುತ್ತದೆಂದು ವಾದಿಸಿದನು. 14ನೆಯ ಶತಮಾನದಲ್ಲಿ ಪ್ಯಾರಿಸಿನ ಬ್ಯುರಿಡಾನನು ಬುಗುರಿಯ ದೃಷ್ಟಾಂತ ಕೊಟ್ಟನು. ನಿಂತಲ್ಲೇ ತಿರುಗುವ ಬುಗುರಿಯ ಹಿಂದೆ ಗಾಳಿ ನುಗ್ಗಲು ಎಡೆಯೆಲ್ಲಿ?

ನಮ್ಮ ದೇಶದ ವೈಶೇಷಿಕರೂ ಇದನ್ನು ಆಲೋಚಿಸಿದ್ದರು. ಬಾಣದ ಮೊದಲ ಚಲನೆ ನೋದನದಿಂದ. ಮುಂದಿನದು ಅದರಲ್ಲಿ ಉಂಟಾದ ಸಂಸ್ಕಾರದಿಂದ. ಸಂಸ್ಕಾರ ಅಡಗಿದ ಮೇಲೆ ಗುರುತ್ವದಿಂದ ಪತನ. ಇದು ಕಣಾದನ ಸೂತ್ರಗಳ ಅಭಿಪ್ರಾಯ. ಪ್ರಶಸ್ತಪಾದನು ಈ ಸಂಸ್ಕಾರವನ್ನು ‘ವೇಗ’ವೆಂದು ಕರೆದನು. ಹೀಗೆ ಎಲ್ಲರೂ ಚಲನೆ ಮುಂದುವರಿಯಲು ಒಂದು ಕಾರಣವನ್ನು ಹುಡುಕಿದವರೇ.

ಪ್ರಶ್ನೆಯನ್ನೇ ತಿರುಗಿಸಿದವನು ಇಟಲಿಯ ಗೆಲಿಲಿಯೊ. ನೆಟ್ಟಗೆ ಬೀಳುವ ವಸ್ತುವಿನ ಕಾಲವನ್ನು ಅಳೆಯಲು ಆಗ ತಕ್ಕ ಗಡಿಯಾರವಿರಲಿಲ್ಲ. ಆದುದರಿಂದ ಸುಮಾರು 12 ಮೊಳ ಉದ್ದದ ಮರವನ್ನು ಕಾಲುವೆಯಂತೆ ಕೊರೆದು ನಯಗೊಳಿಸಿ, ಓರೆಯಾಗಿಟ್ಟು, ಅದರಲ್ಲಿ ಕಂಚಿನ ಗುಂಡನ್ನು ಉರುಳಿಸಿದನು. ಸಣ್ಣ ಕೊಳವೆಯಿಂದ ಸುರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದನು. ಕಾಲ ಎರಡರಷ್ಟಾದರೆ ದೂರ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು ಎಂದು ಕಂಡಿತು. 1638ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇದೆಲ್ಲದರ ವಿವರಣೆಯಿದೆ. ಇಳಿಜಾರಿನಲ್ಲಿ ಗುಂಡಿನ ವೇಗ ಹೆಚ್ಚುತ್ತದೆ, ಏರಿನಲ್ಲಿ ಕುಗ್ಗುತ್ತದೆ. ಇಳಿಜಾರೂ ಏರೂ ತಡೆಯೂ ಇಲ್ಲದ ಸಮತಲದಲ್ಲಾದರೋ ಹೆಚ್ಚಲೂ ಕಾರಣವಿಲ್ಲ, ಕುಗ್ಗಲೂ ಕಾರಣವಿಲ್ಲ. ಅದು ಹಾಗೆಯೇ ಸಾಗುತ್ತಿರಬೇಕು.

1640ರಲ್ಲಿ ಗಸೆಂದಿಯು ಮಾರ್ಸೇಲ್ಸಿನ ಬಳಿ, ಸಾಗುತ್ತಿದ್ದ ಹಡಗಿನ ಕೂವೆಮರದ ತುದಿಯಿಂದ ಕಲ್ಲನ್ನು ಬೀಳಿಸಿದನು. ಅದು ಹಿಂದೆ ಉಳಿಯದೆ ಮರದ ಬುಡದಲ್ಲಿಯೇ ಬಿದ್ದಿತು. ತಡೆಯಿಲ್ಲದ ಚಲನೆ ಸರಳರೇಖೆಯಲ್ಲಿ ಸಾಗುವುದೆಂದು 1644ರಲ್ಲಿ ಡೇಕಾರ್ಟನು ಬರೆದನು. 1687ರಲ್ಲಿ ನ್ಯೂಟನ್ನನು ಇದನ್ನು ತನ್ನ ಮೂರು ನಿಯಮಗಳಲ್ಲಿ ಮೊದಲನೆಯದಾಗಿ ಇಟ್ಟನು. ಬಲವು ಚಲನೆಗೆ ಕಾರಣವಲ್ಲ, ಚಲನೆಯ ಬದಲಾವಣೆಗೆ ಕಾರಣ ಎಂಬುದು ಅಂದಿನಿಂದ ಶಾಸ್ತ್ರದ ತಳಹದಿಯಾಯಿತು.

ಇಂದು ‘ವೇಗ’ವೆಂಬುದು ಚಲನೆಯ ಕಾರಣವಲ್ಲ, ಅದರ ಅಳತೆ. ನೆರೆಯ ಮರಾಠಿ, ತೆಲುಗು, ತಮಿಳು, ಮಲಯಾಳಗಳಲ್ಲಿಯೂ ಈ ಮಾತು ಬಳಕೆಯಲ್ಲಿರುವುದರಿಂದ ಗಡಿನಾಡಿನ ಮಕ್ಕಳಿಗೆ ಇದು ಶಾಲೆಗೆ ಬರುವ ಮೊದಲೇ ಪರಿಚಿತ. ಮಾತು ತಿಳಿದಿದೆಯೆಂದ ಮಾತ್ರಕ್ಕೆ ಅರ್ಥವೂ ತಿಳಿದಿದೆಯೆಂದು ನಾವು ಎಣಿಸಬಾರದು. ಒಂದೇ ಗೋಲಿಯನ್ನು ಒಂದೇ ಇಳಿಜಾರಿನಿಂದ ಮರಳಿನ ಮೇಲೂ, ಗಟ್ಟಿ ನೆಲದ ಮೇಲೂ, ಗಾಜಿನ ಮೇಲೂ ಉರುಳಿಬಿಟ್ಟು ತೋರಿಸಿದರೆ, ತೀರಿಹೋದದ್ದು ಬಲವಲ್ಲ, ಎದುರಾದದ್ದು ತಡೆ ಎಂಬುದನ್ನು ಮಕ್ಕಳೇ ಹೇಳಿಯಾರು.