ತಾಳಿಕೋಟೆಯ ಯುದ್ಧ: ಸಂಗತಿ ಯಾವುದು, ಅಭಿಪ್ರಾಯ ಯಾವುದು?

ರಾಜಕೀಯ ವಾಗ್ವಾದಗಳಲ್ಲಿ ಇತಿಹಾಸವನ್ನು ಸಾಕ್ಷಿಗೆ ಕರೆಯುವುದು ನಮ್ಮಲ್ಲಿ ವಾಡಿಕೆ. ತಾಳಿಕೋಟೆಯ ಯುದ್ಧದ ಕುರಿತು ವಾದಿಸುತ್ತ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಪರಸ್ಪರ ಮಾತು ಬಿಟ್ಟರೆಂದು ಕೇಳಿ, ಇಷ್ಟನ್ನು ಬರೆಯಬೇಕೆನಿಸಿತು.

ಮೊದಲು ಸಂಗತಿಗಳು. 1565ರ ಜನವರಿಯಲ್ಲಿ ಕೃಷ್ಣಾ ನದಿಯ ಸಮೀಪ ಯುದ್ಧ ನಡೆಯಿತು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರು ಒಂದಾಗಿದ್ದರು. ಅಳಿಯ ರಾಮರಾಯನ ಶಿರಚ್ಛೇದವಾಯಿತು, ರಾಜಧಾನಿ ಸೂರೆಯಾಯಿತು. ಇವುಗಳಲ್ಲಿ ವಿವಾದವಿಲ್ಲ.

‘ಇದು ಧರ್ಮಗಳ ಯುದ್ಧ’ ಎಂಬುದು ಅಭಿಪ್ರಾಯ. ಅಹಮದ್‌ನಗರದ ದಂಡಯಾತ್ರೆಯಲ್ಲಿ ರಾಮರಾಯನ ಸೈನಿಕರು ಮಸೀದಿಗಳನ್ನು ಅವಮಾನಿಸಿದರೆಂದು ಫೆರಿಷ್ತಾ ಬರೆದಿರುವುದು ಇದಕ್ಕೆ ಆಧಾರ. ಆದರೆ ಆತ ಬರೆದದ್ದು ಸುಮಾರು ನಾಲ್ಕು ದಶಕಗಳ ನಂತರ, ಬಿಜಾಪುರದ ಆಶ್ರಯದಲ್ಲಿ. ‘ಇದು ಕೇವಲ ಅಧಿಕಾರದ ಹೋರಾಟ’ ಎಂಬುದೂ ಅಭಿಪ್ರಾಯವೇ. ಅದೇ ದಂಡಯಾತ್ರೆಯಲ್ಲಿ ಬಿಜಾಪುರದ ಅಲಿ ಆದಿಲ್ ಷಾ ರಾಮರಾಯನ ಮಿತ್ರನಾಗಿದ್ದನೆಂಬುದು ಅದರ ಆಧಾರ. ಎರಡನ್ನೂ ತೂಗಿ ನೋಡಬಹುದು. ಯಾವುದನ್ನೂ ತಾರೀಖಿನಂತೆ ಸಾರಲಾಗದು.

‘1565ಕ್ಕೆ ವಿಜಯನಗರ ಸಾಮ್ರಾಜ್ಯ ಮುಗಿಯಿತು’ ಎಂಬ ಮಾತು ಮಾತ್ರ ಅಭಿಪ್ರಾಯವಲ್ಲ, ತಪ್ಪು. ರಾಮರಾಯನ ತಮ್ಮ ತಿರುಮಲನು ಪೆನುಕೊಂಡೆಯಿಂದ ಆಳಿದನು. ಅರವೀಡು ವಂಶದ ಅರಸರು ಹದಿನೇಳನೆಯ ಶತಮಾನದವರೆಗೂ ಉಳಿದರು. ‘ಅದು ನನ್ನ ಅಭಿಪ್ರಾಯ’ ಎಂದು ಹೇಳಿ ಇಂಥ ತಪ್ಪನ್ನು ಉಳಿಸಿಕೊಳ್ಳಲಾಗದು.

ವಾದಕ್ಕಿಳಿಯುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿರಿ: ಈ ಮಾತನ್ನು ದಾಖಲೆ ತೆಗೆದು ಪರೀಕ್ಷಿಸಬಹುದೇ? ಆಗುವುದಾದರೆ ಪರೀಕ್ಷಿಸಿರಿ. ಆಗದಿದ್ದರೆ ನಿಮ್ಮ ಕಾರಣಗಳನ್ನು ಹೇಳಿ, ಎದುರಿನವರ ಕಾರಣಗಳನ್ನೂ ಕೇಳಿರಿ. ನಾಲ್ಕೂವರೆ ಶತಮಾನಗಳ ಹಿಂದಿನ ಯುದ್ಧಕ್ಕಾಗಿ ಇಂದಿನ ಸ್ನೇಹವನ್ನು ಕಳೆದುಕೊಳ್ಳಬೇಕಾಗಿಲ್ಲ.